ಡ್ರೈವರ್ ಸೀಟು ಯಾರ ಅಳತಿಗೆ?

ನಮ್ಮ ವಿಜಯಪುರ ಸೀಮಿ ಮಾತಿನಾಗ ‘ಗಾದಿ’ ಅನ್ನೂ ಶಬ್ದಕ್ಕ ಎರಡು ಅರ್ಥ ಅವ. ರಾತ್ರಿ ಹಾಸಿ ಮಲಗೂದೂ ಗಾದಿನ, ಅರಸ ಏರೂದೂ ಗಾದಿನ. ಹತ್ತಿ ತುಂಬಿದ ಒಂದು ಹಾಸಿಗಿಗೆ ಇಷ್ಟು ದೊಡ್ಡ ಮಾನ ಯಾಕ ಬಂತು ಅಂತ ವಿಚಾರ ಮಾಡಿದ್ರ ತಿಳೀತದ. ಒಬ್ಬರು ಎಲ್ಲಿ ಕುಂಡ್ರತಾರ, ಹೆಂಗ ಕುಂಡ್ರತಾರ ಅನ್ನೂದರ ಮ್ಯಾಲ ಅವರ ಕೈಯಾಗ ಏನದ ಅನ್ನೂದು ಗೊತ್ತಾಗ್ತದ.

ಈ ಸಲ ನಾ ಬರಿಯೂದು ಅಂಥಾದೊಂದು ಗಾದಿ ಬಗ್ಗೆ, ಅಂದ್ರ ಹಳೇ ಕಾರಿನ ಡ್ರೈವರ್ ಸೀಟಿನ ಬಗ್ಗೆ. ‘ಶೇಂಗಾ ಹಿಂಡಿ, ಹೋಳಿಗಿ, ಕೌದಿ ಬಿಟ್ಟು ಇಕಿಗೆ ಇದೇನು ಬಂತು’ ಅಂತ ನಗಬ್ಯಾಡ್ರಿ. ತಿಕೋಟಾದೊಳಗ ಇರೂ ನನ್ನ ತಂಗಿ ಮನ್ಯಾಗ ಒಂದು ಹಳೇ ಪ್ರೀಮಿಯರ್ ಪದ್ಮಿನಿ ಗಾಡಿ ಅದ. ಊರಾಗ ಎಲ್ಲಾರೂ ಫಿಯಟ್ ಅಂತಾರ. ಅದರ ಡ್ರೈವರ್ ಸೀಟು ಪೂರ್ತಿ ಕುಸದು ಹೋಗಿ, ಬದಲು ಮಾಡೂ ಪ್ರಸಂಗ ಬಂತು. ಆ ನೆವದಾಗ ನಾ ಒಂದಿಷ್ಟು ಓದಿದೆ, ತಿಳದವರನ್ನ ಕೇಳಿದೆ, ವಿಜಯಪುರದ ಒಂದು ಕುಶನ್ ಅಂಗಡ್ಯಾಗ ತಾಸುಗಟ್ಲೆ ಕುಂತು ನೋಡಿದೆ. ನೋಡ್ತಾ ನೋಡ್ತಾ ಗೊತ್ತಾತು, ಈ ಸೀಟಿನ ಇತಿಹಾಸದೊಳಗ ನಮ್ಮ ಹೆಣ್ಣಮಕ್ಕಳ ಮಾತು ಬಹಳ ಅದ. ಬರದು ಇಡೂಣು ಅನಸ್ತು.

ಮೊದಲ ಕುದುರಿಯಿಂದ ಸುರು ಮಾಡ್ತೀನಿ. ನಮ್ಮೂರಿಗೆ ಇದು ಹೊಸಾದಲ್ಲ. 1580ರೊಳಗ ಎರಡನೇ ಇಬ್ರಾಹಿಂ ಆದಿಲ್‌ಶಾಹ ಪಟ್ಟಕ್ಕ ಬಂದಾಗ ಅಂವ ಇನ್ನೂ ಒಂಬತ್ತು ವರ್ಷದ ಹುಡುಗ. ಅವನ ಪರವಾಗಿ ರಾಜ್ಯ ನೋಡಿಕೊಂಡಾಕಿ ಒಂದನೇ ಅಲಿ ಆದಿಲ್‌ಶಾಹನ ಹೆಂಡತಿ ಚಾಂದಬೀಬಿ. ನಮ್ಮ ಚಾಂದ ಬಾವಡಿಗೆ ಆಕಿದೇ ಹೆಸರು. ಆಕಿ ಕುದುರಿ ಮ್ಯಾಲ ಕುಂತು, ಕೈಯಾಗ ಡೇಗಿ ಹಕ್ಕಿ ಹಿಡಕೊಂಡು ಬ್ಯಾಟಿಗೆ ಹೊಂಟ ಚಿತ್ರಗಳು ದಖ್ಖನಿ ಚಿತ್ರಕಲಿಯೊಳಗ ಹೆಸರಾಗ್ಯಾವ. ಆ ಚಿತ್ರದಾಗ ಕುಂಡ್ರೂ ರೀತಿ ನೋಡ್ರಿ, ಬೆನ್ನು ನೆಟ್ಟಗ, ಕಾಲು ಜೀನಿನ ರಿಕಾಪಿನೊಳಗ. ಕುದುರಿ ಜೀನಿನ ಒಂದು ಗುಣ ಏನಂದ್ರ, ರಿಕಾಪು ತೂಗೂ ತೊಗಲ ಪಟ್ಟಿ ಉದ್ದ ಮಾಡಬಹುದು, ಗಿಡ್ಡ ಮಾಡಬಹುದು. ಸವಾರ ಎತ್ತರ ಇದ್ರ ಒಂದು ತೂತು ಕೆಳಗ, ಗಿಡ್ಡ ಇದ್ರ ಎರಡು ತೂತು ಮ್ಯಾಲ. ಕುಂಡ್ರೂ ಜಾಗ ಕುಂತವರ ಕಾಲಿಗೆ ಹೊಂದಬೇಕು ಅನ್ನೂ ಬುದ್ಧಿ ಆವಾಗಲೇ ಇತ್ತು.

ಚಕ್ಕಡಿಯೊಳಗ ಆ ಭಾಗ್ಯ ಇರಲಿಲ್ಲ. ಗಾಡಿ ಹೊಡ್ಯಾಂವಗ ಸೀಟು ಅಂತ ಬ್ಯಾರೆ ಇರೂದೇ ಇಲ್ಲ. ನನ್ನ ತವರಮನಿ ಬಬಲೇಶ್ವರ. ನಾವು ಸಣ್ಣವರಿದ್ದಾಗ ಸಂಕ್ರಮಣಕ್ಕ ವಿಜಯಪುರದ ಸಿದ್ಧೇಶ್ವರ ಜಾತ್ರಿಗೆ ಚಕ್ಕಡಿ ಕಟ್ಟಿ ಬರೂ ಮನೆತನ ಇನ್ನೂ ಇದ್ವು. ಕಣಿಕಿ ಹಾಸಿ, ಅದರ ಮ್ಯಾಲ ಕೌದಿ ಹಾಸಿದ್ರ ಒಳಗ ಕುಂತವರಿಗೆ ಗಾದಿ ಆತು. ಹೊಡ್ಯಾಂವ ಮಾತ್ರ ಮುಂದ ಒಂದು ಗೋಣಿಚೀಲ ಮಡಚಿಕೊಂಡು ಅದರ ಮ್ಯಾಲ ಕುಂಡ್ರತಿದ್ದ. ಚೀಲ ಸವೀತು ಅಂದ್ರ ಇನ್ನೊಂದು ಚೀಲ. ಸೀಟು ಬದಲು ಮಾಡೂ ಕೆಲಸ ಅಷ್ಟ ಸಸಾರ ಇತ್ತು.

ನಮ್ಮ ವಿಜಯಪುರದ ಟಾಂಗಾ ಎಲ್ಲಾರಿಗೂ ಗೊತ್ತು. ಎರಡ ಗಾಲಿ, ಮುಂದ ಟಾಂಗಾದಾಂವ, ಹಿಂದ ಬೆನ್ನಿಗೆ ಬೆನ್ನು ಕೊಟ್ಟು ಕುಂತ ನಾವು. ಎರಡ ಗಾಲಿ ಇದ್ದದ್ದಕ್ಕ ಭಾರ ಸಮಾ ಇರಬೇಕು. ಹಿಂದ ಹೆಚ್ಚಾದ್ರ ಕುದುರಿ ಕೊರಳಿಗೆ ಎಳತ, ಮುಂದ ಹೆಚ್ಚಾದ್ರ ಬೆನ್ನಿಗೆ ಭಾರ. ಅದಕ್ಕ ಟಾಂಗಾದಾಂವ ‘ಅವ್ವಾರ, ಸ್ವಲ್ಪ ಮುಂದ ಸರೀರಿ’ ಅಂತಾನ, ತಾನೂ ಅತ್ತಾಗಿತ್ತಾಗ ಸರೀತಾನ. ಅಲ್ಲೆ ನೋಡ್ರಿ, ನಡಸಾಂವ ಕುಂಡ್ರೂ ಜಾಗಕ್ಕೂ ಗಾಡಿ ನಡಗಿಗೂ ಸಂಬಂಧ ಅದ ಅನ್ನೂದು ಕಣ್ಣಿಗೆ ಕಾಣ್ತದ.

ಈಗ ಮೋಟಾರಿಗೆ ಬರೂಣು. ಜರ್ಮನಿಯ ಕಾರ್ಲ್ ಬೆಂಜ್ ಅನ್ನಾಂವ 1886ರ ಜನವರಿ 29ಕ್ಕ ತನ್ನ ಮೂರು ಗಾಲಿ ಮೋಟಾರಿಗೆ ಪೇಟೆಂಟ್ ಕೇಳಿ ಅರ್ಜಿ ಹಾಕಿದ. ಮಂದಿ ನಂಬಲಿಲ್ಲ, ಕೊಳ್ಳಾಕೂ ಬರಲಿಲ್ಲ. 1888ರ ಆಗಸ್ಟ್ ತಿಂಗಳಾಗ ಅವನ ಹೆಂಡತಿ ಬರ್ಥಾ ಬೆಂಜ್ ಒಂದು ದಿನ ಮುಂಜಾನೆ, ಗಂಡಗ ಹೇಳದನ, ಇಬ್ಬರು ಗಂಡಮಕ್ಕಳನ್ನ ಕರಕೊಂಡು ಆ ಗಾಡಿ ಹತ್ತಿ ಮನ್‌ಹೈಮ್‌ದಿಂದ ತನ್ನ ತವರೂರು ಫೋರ್ಟ್ಸ್‌ಹೈಮ್‌ಗೆ ಹೊಂಟ್ಲು. ಸುಮಾರು 106 ಕಿಲೋಮೀಟರ್. ನಾವು ವಿಜಯಪುರದಿಂದ ಸೊಲ್ಲಾಪುರಕ್ಕ ಹೋದಷ್ಟು ದೂರ. ಅಲ್ಲೀ ತನಕ ಮೋಟಾರಿನ್ಯಾಗ ಅಷ್ಟು ದೂರ ಯಾರೂ ಹೋಗಿರಲಿಲ್ಲ. ದಾರ್ಯಾಗ ಎಣ್ಣಿ ನಳಿ ಕಟ್ಟಿಕೊಂಡಾಗ ಟೊಪಿಗಿ ಪಿನ್ನು ತಗೊಂಡು ಚುಚ್ಚಿ ಬಿಡಿಸಿದ್ಲು. ಔಷಧ ಅಂಗಡ್ಯಾಗ ಇಂಧನ ಕೊಂಡ್ಲು. ಇಳಕಲಿನ್ಯಾಗ ಕಟ್ಟಿಗಿ ಬ್ರೇಕು ಸವದು ಹೋದಾಗ ಒಬ್ಬ ಚಮ್ಮಾರನ ಹತ್ರ ಹೋಗಿ ಅದಕ್ಕ ತೊಗಲು ಬಡಿಸಿದ್ಲು. ಅಂದ್ರ ಮೋಟಾರಿನ ಇತಿಹಾಸದಾಗ ಸವದ ಭಾಗಕ್ಕ ತೊಗಲು ಹಚ್ಚಿಸಿದ ಆ ಹೆಸರಾದ ರಿಪೇರಿ ಒಬ್ಬ ಹೆಣ್ಣಮಗಳು ಹೇಳಿ ಮಾಡಿಸಿದ್ದು. ತವರಮನಿಗೆ ಹೋಗೂ ಹಂಬಲ ಎಂಥಾ ಕೆಲಸ ಮಾಡಸ್ತದ ನೋಡ್ರಿ!

ಆಕಿ ಕುಂತ ಆ ಗಾಡಿ ಸೀಟು ಒಂದು ಸಾದಾ ಬಾಕಿನಂಗ ಇತ್ತು. ಮುಂದ ಬಂದ ಕಾರುಗಳ ಮೈ ಕಟ್ಟಿದವರು ಬಹಳ ಮಂದಿ ಮೊದಲ ಕುದುರಿಗಾಡಿ ಕಟ್ಟಾವ್ರು. ಅದಕ್ಕ ಸೀಟೂ ಕುದುರಿಗಾಡಿಯಂಥಾವ, ಅಂದ್ರ ಕೆಳಗ ಸ್ಪ್ರಿಂಗು, ನಡುವ ಕುದುರಿ ಕೂದಲು, ಮ್ಯಾಲ ತೊಗಲು. ತೊಗಲು ತುಟ್ಟಿ ಆದಾಗ ಇಂಗ್ಲೆಂಡಿನೊಳಗ ಅರಿವಿಗೆ ಲೇಪ ಹಚ್ಚಿ ತೊಗಲಿನಂಗ ಕಾಣೂ ಬಟ್ಟಿ ಮಾಡಿದ್ರು. ಅದರ ವ್ಯಾಪಾರದ ಹೆಸರು ರೆಕ್ಸಿನ್. ನಾವು ಈಗ ಪ್ಲಾಸ್ಟಿಕ್ ಲೇಪದ ಬಟ್ಟಿಗೂ ರೆಕ್ಸಿನ್ ಅಂತನ ಕರೀತೀವಿ. ಡಾಲ್ಡಾದಂಗ, ಕಂಪನಿ ಹೆಸರು ವಸ್ತುವಿನ ಹೆಸರಾತು.

ಕುದುರಿ ಕೂದಲಿನ ಜಾಗಕ್ಕ 1929ರ ಸುಮಾರಿಗೆ ಡನ್‌ಲಪ್ ಕಂಪನಿಯವರು ರಬ್ಬರಿನ ಹಾಲು ಕಡದು ನೊರಿ ಮಾಡಿ, ಅದನ್ನ ಗಟ್ಟಿಗೊಳಿಸಿ ಫೋಮ್ ತಂದ್ರು. ನಾವು ಮೊಸರು ಕಡದಂಗನ. 1937ರೊಳಗ ಜರ್ಮನಿಯ ಒಟ್ಟೊ ಬೇಯರ್ ಪಾಲಿಯುರಿಥೇನ್ ಕಂಡುಹಿಡಿದ. ಈಗ ನಮ್ಮ ಸೋಫಾ, ಕಾರಿನ ಸೀಟು, ಬೈಕಿನ ಸೀಟು ಎಲ್ಲಾದರಾಗೂ ಇರೂ ಫೋಮ್ ಅದರ ವಂಶದ್ದು.

ಒಳಗಿನ ಸಾಮಾನು ಹಿಂಗ ಸುಧಾರಿಸ್ತಾ ಬಂತು, ಆದ್ರ ಅಳತಿ? ಫೋರ್ಡ್ ಕಂಪನಿಯ ಮಾಡೆಲ್-ಟಿ ಕಾರು 1908ರಿಂದ 1927ರ ತನಕ 1.5 ಕೋಟಿ ತಯಾರಾದ್ವು. ಅದರ ಡ್ರೈವರ್ ಸೀಟು ಹಿಂದ ಮುಂದ ಸರೀತಿರಲಿಲ್ಲ. ಅಮೆರಿಕಾದಾಗ ಮಾಡಿದ ತೆರೆದ ಗಾಡಿಗಳೊಳಗ ಬಹಳ ವರ್ಷ ಡ್ರೈವರ್ ಕಡೆ ಬಾಗಿಲು ಸುದ್ದಾ ತೆರೀತಿರಲಿಲ್ಲ. ಬಾಗಿಲಿನಂಗ ಕಾಣೂ ಗೆರಿ ಅಷ್ಟ. ಆಕಡೆ ಬಾಗಿಲಿನಿಂದ ಹತ್ತಿ, ಸರಕೊಂಡು ಬಂದು ಕುಂಡ್ರಬೇಕು. ಉದ್ದನ್ನ ಅಂಗಿ ತೊಟ್ಟ ಹೆಣ್ಣಮಕ್ಕಳಿಗೆ ಅದು ಎಷ್ಟು ತ್ರಾಸ ಅಂತ ಸೀರಿ ಉಟ್ಟು ಗಾಡಿ ಹತ್ತಿದ ನಮಗ ಬ್ಯಾರೆ ಹೇಳಬೇಕಾಗಿಲ್ಲ.

ನಮ್ಮ ದೇಶದಾಗ ಮೊದಲ ಕಾರು ನಡಸಿದ ಹೆಣ್ಣಮಗಳು ಅಂತ ಹೆಸರು ಹೇಳೂದು ಸುಜಾನ್ ಟಾಟಾ ಅವರದ್ದು, 1905ರ ಮಾತು. ಜೆ.ಆರ್.ಡಿ. ಟಾಟಾ ಅವರ ತಾಯಿ. ಅದು ಮುಂಬಯಿಯ ದೊಡ್ಡ ಮನೆತನ. ನಮ್ಮಂಥ ಮನಿಗಳಿಗೆ ಕಾರು ಬರಾಕ ಇನ್ನೂ ಐವತ್ತು ಅರವತ್ತು ವರ್ಷ ಬೇಕಾದ್ವು.

ಆ ಕಾರು ತಂದವರ ಊರು ನಮಗ ಬಹಳ ದೂರದ್ದಲ್ಲ. ವಾಲ್‌ಚಂದ ಹೀರಾಚಂದ ಹುಟ್ಟಿದ್ದು 1882ರೊಳಗ, ನಮ್ಮ ಬಾಜೂಕಿನ ಸೊಲ್ಲಾಪುರದಾಗ. ನಾವು ಚಾದರ ತರೂ ಊರು. 1940ರೊಳಗ ಮೈಸೂರು ಸರಕಾರದ ಕೂಡ ಸೇರಿ ಬೆಂಗಳೂರಿನ್ಯಾಗ ವಿಮಾನ ಕಾರಖಾನಿ ಸುರು ಮಾಡಿದವರೂ ಅವರ. 1944ರೊಳಗ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಹುಟ್ಟಿಸಿದ್ರು. ಮುಂಬಯಿಯ ಕುರ್ಲಾದಾಗ ಕಾರಖಾನಿ. ಮೊದಲ ಅಮೆರಿಕಾದ ಗಾಡಿಗಳ ಭಾಗ ತಂದು ಜೋಡಿಸಿದ್ರು, ಆಮ್ಯಾಲ ಇಟಲಿಯ ಫಿಯಟ್. 1964ರೊಳಗ ಫಿಯಟ್ 1100 ಡಿ ಬಂತು. ಎಂಜಿನ್ 1089 ಸಿಸಿ. 1974ರಿಂದ ಅದರ ಹೆಸರು ಪದ್ಮಿನಿ. ಹೆಸರೇನೋ ಚಿತ್ತೂರಿನ ರಾಣಿದು, ಆದ್ರ ಅದರ ಡ್ರೈವರ್ ಸೀಟಿನ ಮ್ಯಾಲ ರಾಣಿಯರು ಕುಂತದ್ದು ಬಹಳ ಕಮ್ಮಿ.

ನನ್ನ ತಂಗಿ ಮನಿ ಗಾಡಿ ಅವರ ಮಾವನವರು ಕೊಂಡದ್ದು. ದ್ರಾಕ್ಷಿ ತೋಟಕ್ಕ ಆಳು ಕರ್ಕೊಂಡು ಹೋಗೂದು, ಔಷಧದ ಡಬ್ಬಿ ತರೂದು, ಒಣದ್ರಾಕ್ಷಿ ಮಾದರಿ ಹಿಡಕೊಂಡು ವಿಜಯಪುರದ ಪ್ಯಾಟಿಗೆ ಬರೂದು, ಎಲ್ಲಾ ಅದರಾಗನ. ಅವರು ಎತ್ತರದ ಆಳು, ತೂಕದ ಮನಷ್ಯಾ. ಸೀಟು ಅವರ ಮೈಗೆ ತಕ್ಕಂಗ ಕುಸದಿತ್ತು. ಬಲಗಡೆ ಅಂಚು ಪೂರ್ತಿ ಹರದು ನಾರು ಹೊರಗ ಬಂದಿತ್ತು. ಯಾವ ಹಳೇ ಗಾಡಿ ನೋಡಿದ್ರೂ ಡ್ರೈವರ್ ಸೀಟಿನ ಬಾಗಿಲ ಕಡೆ ಅಂಚೇ ಮೊದಲ ಹರದಿರ್ತದ, ಯಾಕಂದ್ರ ಹತ್ತೂವಾಗ ಇಳಿಯೂವಾಗ ಮೈ ಭಾರ ಅದರ ಮ್ಯಾಲ ತಿಕ್ಕತದ. ನಮ್ಮ ಹೊಸ್ತಿಲ ನಡುವಿನ ಭಾಗ ಸವದಂಗ.

ಮಾವನವರು ತೀರಿಕೊಂಡ ಮ್ಯಾಲ ಗಾಡಿ ಎರಡು ವರ್ಷ ನಿಂತಿತ್ತು. ಆಮ್ಯಾಲ ಅದನ್ನ ಹೊರಗ ತಗದಾಕಿ ತಂಗಿ ಸೊಸಿ. ಗಂಡ ತೋಟದಾಗ ಇರ್ತಾನ, ಅತ್ತಿಗೆ ಮೊಣಕಾಲ ಬ್ಯಾನಿ, ತಿಂಗಳಿಗೆ ಎರಡು ಸಲ ವಿಜಯಪುರದ ದವಾಖಾನಿಗೆ ಬರಬೇಕು. ಸುಮಾರು 20 ಕಿಲೋಮೀಟರ್ ದಾರಿ. ಸೊಸಿ ಎತ್ತರ ಐದು ಅಡಿ. ಆ ಕುಸದ ಸೀಟಿನ್ಯಾಗ ಕುಂತ್ರ ಆಕಿಗೆ ಮುಂದಿನ ಗಾಜಿನ್ಯಾಗ ಆಕಾಶ ಕಾಣ್ತದ, ದಾರಿ ಕಾಣೂದಿಲ್ಲ. ಅದಕ್ಕ ಕೆಳಗ ಒಂದು ದಿಂಬು, ಬೆನ್ನಿಗೊಂದು ದಿಂಬು, ಎರಡರ ಮ್ಯಾಲೂ ಸೊಲ್ಲಾಪುರ ಚಾದರ ಹೊಚ್ಚಿ ನಡಸ್ತಿದ್ಲು. ನೋಡಾಕ ಚಂದ ಇತ್ತು. ಆದ್ರ ಒಮ್ಮೆ ನಾ ಬಾಜೂಕ ಕುಂತಾಗ ಅಡ್ಡ ಬಂದ ಎಮ್ಮಿಗೆ ಬ್ರೇಕು ಒತ್ತಿದ್ಲು, ಕೆಳಗಿನ ದಿಂಬು ಮುಂದ ಜಾರತು. ದಿಂಬು ಜಾರಿದ್ರ ಮೈ ಜಾರತದ, ಮೈ ಜಾರಿದ್ರ ಕಾಲಿನ ಬಲ ಬ್ರೇಕಿನ ಮ್ಯಾಲ ಬೀಳೂದಿಲ್ಲ. ಎಮ್ಮಿ ಉಳೀತು. ಮುಂದಿನ ಸಲ ಅಡ್ಡ ಬರೂದು ಎಮ್ಮಿನೇ ಇರ್ತದ ಅಂತ ಏನು ಹೇಳಾಕ ಬರ್ತದ?

ದಿಂಬು ಇಟ್ಟು ಹೊಂದಿಕೊಳ್ಳೂದು ನಮಗ ರೂಢಿ ಆಗಿ ಹೋಗ್ಯಾದ. ಗಂಡಸರಿಗೆ ತ್ರಾಸ ಆದ್ರ ಏನ ಆಗ್ತದ ಅನ್ನೂದಕ್ಕ ಒಂದು ಕತಿ ಹೇಳ್ತೀನಿ. 1961ರೊಳಗ ಇಂಗ್ಲೆಂಡಿನ ಜಾಗ್ವಾರ್ ಕಂಪನಿ ಇ-ಟೈಪ್ ಅನ್ನೂ ಸ್ಪೋರ್ಟ್ಸ್ ಕಾರು ತಂತು. ಜಗತ್ತಿನ ಚಂದನ್ನ ಕಾರು ಅಂತ ಹೆಸರಾತು. ಆದ್ರ ಮೊದಲನೇ ಗಾಡಿಗಳ ನೆಲ ಸಪಾಟ ಇತ್ತು, ಎತ್ತರದ ಗಂಡಸರಿಗೆ ಕಾಲು ಚಾಚಾಕ ಜಾಗ ಸಾಲಲಿಲ್ಲ. ತಕರಾರು ಬಂತು. 1962ರೊಳಗ ಕಂಪನಿಯವರು ಕಾಲಿಡೂ ಜಾಗದ ತಗಡನ್ನೇ ತಗ್ಗು ಮಾಡಿದ್ರು. ಎತ್ತರದವಗ ಕಾಲು ಹಿಡಸಲಿಲ್ಲ ಅಂದ್ರ ಕಾರಖಾನಿ ನೆಲ ತೋಡತದ, ಗಿಡ್ಡಾಕಿಗೆ ಕಾಲು ಮುಟ್ಟಲಿಲ್ಲ ಅಂದ್ರ ಆಕಿ ದಿಂಬು ತರಬೇಕು.

ಇದು ಬರೇ ಆ ಕಾಲದ ಮಾತಲ್ಲ. ಗಾಡಿ ಡಿಕ್ಕಿ ಹೊಡದ್ರ ಮನಷ್ಯಾಗ ಏನಾಗ್ತದ ಅಂತ ನೋಡಾಕ ಕಂಪನಿಯವರು ಗೊಂಬಿ ಕುಂಡ್ರಿಸಿ ಪರೀಕ್ಷಾ ಮಾಡ್ತಾರ. ಜಗತ್ತಿನ ತುಂಬ ಬಳಸೂ ಗೊಂಬಿ ಹೈಬ್ರಿಡ್-3, ಜನರಲ್ ಮೋಟರ್ಸ್‌ದವರು 1976ರೊಳಗ ತಯಾರಿಸಿದ್ದು. ಸರಾಸರಿ ಗಂಡಸಿನ ಅಳತಿ, ಸುಮಾರು 175 ಸೆಂಟಿಮೀಟರ್ ಎತ್ತರ, 78 ಕಿಲೋ ತೂಕ. ಹೆಣ್ಣಿನ ಗೊಂಬಿ ಅಂತ ಬಂದದ್ದು ಬಹಳ ದಿನ ಅದೇ ಗಂಡಸಿನ ಗೊಂಬಿಯ ಸಣ್ಣ ರೂಪ. ಸರಾಸರಿ ಹೆಣ್ಣಮಗಳ ಮೈ ಲೆಕ್ಕ ಹಿಡದು, ಹಿಂದಿನಿಂದ ಡಿಕ್ಕಿ ಆದಾಗ ಕುತ್ತಿಗಿಗೆ ಏನಾಗ್ತದ ಅಂತ ನೋಡೂ ಗೊಂಬಿ ಸ್ವೀಡನ್ ದೇಶದ ಆಸ್ಟ್ರಿಡ್ ಲಿಂಡರ್ ಅನ್ನೂ ಇಂಜಿನಿಯರ್ ಬಾಯಿ ಮತ್ತು ಅವರ ಜೋಡಿದಾರರು 2022ರೊಳಗ ತೋರಿಸಿದ್ರು. ಅದರ ಎತ್ತರ 162 ಸೆಂಟಿಮೀಟರ್, ತೂಕ 62 ಕಿಲೋ. ಬರ್ಥಾ ಬೆಂಜ್ ಗಾಡಿ ನಡಸಿ 134 ವರ್ಷ ಆದ ಮ್ಯಾಲ!

ತಿಕೋಟಾದ ಸೀಟಿಗೆ ಮರಳಿ ಬರ್ತೀನಿ. ಬದಲು ಮಾಡೂ ಮಾತು ಎತ್ತಿದ ಕೂಡ್ಲೆ ಮನ್ಯಾಗ ಎರಡು ಅಡ್ಡಿ ಬಂದ್ವು. ಒಂದು ತಂಗಿದು. ‘ಮಾವನೋರು ಕುಂತ ಗುರುತು ಅದೊಂದ ಉಳದದ. ಅವರ ಫೋಟೋದಾಗೂ ಅವರು ಹಂಗ ಕಾಣೂದಿಲ್ಲ, ಆ ತಗ್ಗಿನ್ಯಾಗ ಕಾಣ್ತಾರ’ ಅಂದ್ಲು. ಆ ಮಾತಿಗೆ ಯಾರೂ ಎದುರಾಡಲಿಲ್ಲ. ಸೊಸಿ ಸುದ್ದಾ ಸುಮ್ಮನಾದ್ಲು.

ಎರಡನೇದು ತಂಗಿ ಸಣ್ಣ ಮಗಂದು. ಅಂವ ಪುಣೆದಾಗ ಇರ್ತಾನ, ಸ್ಪೋರ್ಟ್ಸ್ ಕಾರಿನ ಹುಚ್ಚು. ಮದ್ರಾಸ ಹತ್ರ ಶೋಲಾವರಂ ಅನ್ನೂ ಊರಾಗ ಎರಡನೇ ಮಹಾಯುದ್ಧದ ಹಳೇ ವಿಮಾನದ ಓಡುದಾರಿ ಮ್ಯಾಲ ಮೊದಲ ಕಾರಿನ ರೇಸು ನಡೀತಿದ್ವು. ಅಲ್ಲಿ ಫಿಯಟ್ ಗಾಡಿನೂ ಓಡಿದ್ವು. ‘ನಮ್ಮದೂ ಆ ವಂಶದ್ದ, ಬಕೆಟ್ ಸೀಟು ಹಾಕೂಣು’ ಅಂತ ಆನ್‌ಲೈನ್‌ದಾಗ ಒಂದು ಸೀಟು ತರಿಸಿಬಿಟ್ಟ. ಬಕೆಟ್ ಸೀಟಂದ್ರ ಬಕೀಟಿನಂಗ ಎರಡೂ ಕಡೆ ಎತ್ತರದ ಅಂಚು ಇರೂ ಸೀಟು. ರೇಸಿನ್ಯಾಗ ಗಾಡಿ ಜೋರಾಗಿ ತಿರುಗಿದಾಗ ಡ್ರೈವರ್ ಪಕ್ಕಕ್ಕ ಜಾರಬಾರದು ಅಂತ ಹುಟ್ಟಿದ್ದು. ಬೆನ್ನು ಹಿಂದ ಬಾಗೂದಿಲ್ಲ. ಭುಜದ ಹತ್ರ ಎರಡು ತೂತು ಇರ್ತಾವ, ಅವು ರೇಸಿನವರು ಎರಡೂ ಹೆಗಲ ಮ್ಯಾಲ ಹಾಕೂ ಬೆಲ್ಟಿಗೆ. ಸಾದಾ ಗಾಡಿಗೆ ಅದರ ಉಪಯೋಗ ಇಲ್ಲ.

ಸೀಟು ಬಂತು. ಅದರ ಹಳಿ ತೂತಿಗೂ ಫಿಯಟ್ ನೆಲದ ತೂತಿಗೂ ತಾಳ ಇಲ್ಲ. ‘ಎಲ್ಲಾ ಗಾಡಿಗೂ ಕುಂಡ್ರತದ’ ಅಂತ ಬರದಿದ್ರು, ಯಾವದಕ್ಕೂ ಕುಂಡ್ರೂವಂಗ ಕಾಣಲಿಲ್ಲ. ಸುಮ್ಮನ ಮ್ಯಾಲಿಟ್ಟು ಸೊಸಿನ್ನ ಕುಂಡ್ರಿಸಿ ನೋಡಿದ್ರು. ಸೀರಿ ಉಟ್ಟು ಆ ಎತ್ತರದ ಅಂಚು ದಾಟಿ ಒಳಗ ಹೋಗಾಕ ಆಕಿ ಪಟ್ಟ ತ್ರಾಸ ನೋಡಿ ಓಣಿ ಹುಡುಗರು ನಕ್ಕರು. ಇನ್ನ ಅತ್ತಿ ಎಂದರೆ ಒಂದಿನ ಆ ಕಡೆ ಕುಂಡ್ರಬೇಕಾದ್ರ ಆತು, ಮೊಣಕಾಲಿನ ಗತಿ ದೇವರಿಗೇ ಗೊತ್ತು. ರೇಸಿನಾಂವ ಒಮ್ಮೆ ಹತ್ತಿದ್ರ ಗೆಲ್ಲೂ ತನಕ ಇಳಿಯೂದಿಲ್ಲ. ಮನಿ ನಡಸಾಕಿ ದಿನಕ್ಕ ಹತ್ತು ಸಲ ಹತ್ತತಾಳ, ಹತ್ತು ಸಲ ಇಳೀತಾಳ. ಇಬ್ಬರ ಸೀಟು ಒಂದ ಹೆಂಗ ಆದೀತು?

ಕಡೀಕ ಹಳೇ ಸೀಟನ್ನ ಬಿಚ್ಚಿ ವಿಜಯಪುರದ ಕುಶನ್ ಅಂಗಡಿಗೆ ತಂದ್ರು. ಆ ಹಿರಿಯರ ಮನೆತನದಾಗ ಮೊದಲ ಹತ್ತಿ ಹಿಂಜಿ ಗಾದಿ ಮಾಡೂ ಕೆಲಸ ಇತ್ತಂತ. ಈಗ ಜೀಪು, ಟ್ರ್ಯಾಕ್ಟರ್, ಬೈಕಿನ ಸೀಟು ಮಾಡ್ತಾರ. ನಾ ಅಲ್ಲೇ ಕುಂತು ನೋಡಿದೆ. ರೆಕ್ಸಿನ್ ಸುಲದ್ರು. ಅದರ ಕೆಳಗ ಗಂಟುಗಟ್ಟಿದ ಹತ್ತಿ, ಅದರ ಕೆಳಗ ಪುಡಿ ಆದ ತೆಂಗಿನ ನಾರು, ಅದರ ಕೆಳಗ ಹರದ ಗೋಣಿ ತಟ್ಟು, ತಳದಾಗ ಸ್ಪ್ರಿಂಗು. ನಾಕು ಸ್ಪ್ರಿಂಗು ಮುರದು ಗೋಣಿ ಹರದು ನಾರಿನ್ಯಾಗ ಚುಚ್ಚಿಕೊಂಡಿದ್ವು. ಸೊಸಿ ಬೆನ್ನು ಬ್ಯಾನಿ ಯಾಕಂತ ಆವಾಗ ಎಲ್ಲಾರಿಗೂ ತಿಳೀತು.

ಆ ಹಿರಿಯರು ಒಂದು ಮಾತು ಹೇಳಿದ್ರು. ಸೀಟು ಅಂದ್ರ ನಮ್ಮ ಹೊರಸು ಇದ್ದಂಗ. ಹೊರಸಿನ ನುಲಿ ಸಡಿಲ ಆದ್ರ ಮ್ಯಾಲ ಎಷ್ಟು ಗಾದಿ ಹಾಸಿದ್ರೂ ನಡು ಬಾಗತದ. ಮೊದಲ ನುಲಿ ಬಿಗೀಬೇಕು, ಆಮ್ಯಾಲ ಗಾದಿ. ಹಳೇ ಸ್ಪೋರ್ಟ್ಸ್ ಕಾರಿನ ಸೀಟೂ ಹಂಗ ಅಂತ ನಾ ಆಮ್ಯಾಲ ಓದಿದೆ. ಇಂಗ್ಲೆಂಡಿನ ಎಂಜಿಬಿ ಅನ್ನೂ ಗಾಡಿ 1962ರಿಂದ 1980ರ ತನಕ ತಯಾರಾತು. ಅದರ ಸೀಟಿನ ತಳಕ್ಕ ಸ್ಪ್ರಿಂಗಿನ ಬದಲು ರಬ್ಬರಿನ ಹಾಳಿ ಬಿಗದಿರ್ತಿದ್ರು. ಕಾಲಾಂತರಕ್ಕ ರಬ್ಬರ್ ಬಿರತು, ಹರದು, ಡ್ರೈವರ್ ಕೆಳಗ ಇಳೀತಾನ. ಮ್ಯಾಲ ಹೊಸ ತೊಗಲು ಹಾಕಿಸಿ ಎಷ್ಟು ಸಿಂಗಾರ ಮಾಡಿದ್ರೂ ತಳ ಬಿಗೀದ ಹೊರತು ಸುಖ ಇಲ್ಲ. ಅಲ್ಲೂ ಹೊರಸಿನ ನ್ಯಾಯನ.

ಕೆಲಸ ಹಿಂಗ ಆತು. ಕಬ್ಬಿಣದ ಚೌಕಟ್ಟು ಹಳೇದ ಇಟ್ರು. ತುಕ್ಕು ತಿಕ್ಕಿ, ಬಿರುಕು ಬಿಟ್ಟ ಕಡೆ ವೆಲ್ಡಿಂಗ್ ಮಾಡಿಸಿ ಬಣ್ಣ ಹಚ್ಚಿದ್ರು. ಸ್ಪ್ರಿಂಗು ಹೊಸಾವು. ಅದರ ಮ್ಯಾಲ ದಪ್ಪ ತಟ್ಟು, ನಾರಿನ ಹಾಳಿ, ಆಮ್ಯಾಲ ಬಿಗಿ ಫೋಮ್, ಎಲ್ಲಾದಕ್ಕೂ ಮ್ಯಾಲ ಸ್ವಲ್ಪ ಮೆತ್ತಂದು. ಬರೇ ಮೆತ್ತನ್ನ ಫೋಮ್ ಹಾಕಿದ್ರ ಅಂಗಡ್ಯಾಗ ಸುಖ ಅನಸ್ತದ, ಆರು ತಿಂಗಳಿಗೆ ರೊಟ್ಟಿ ಆಗ್ತದ ಅಂದ್ರು. ಫೋಮ್ ಅಂಟಿಸೂಕಿಂತ ಮೊದಲ ಸೊಸಿನ್ನ ಕರದು ಗಾಡ್ಯಾಗ ಕುಂಡ್ರಿಸಿದ್ರು. ಕ್ಲಚ್ಚು ಪೂರ್ತಿ ಒತ್ತಿದಾಗ ಮೊಣಕಾಲು ಸ್ವಲ್ಪ ಬಾಗಿರಬೇಕು, ಬೆನ್ನು ಸೀಟು ಬಿಡಬಾರದು. ಮುಂದಿನ ಬಾನೆಟ್ ಮ್ಯಾಲಿಂದ ದಾರಿ ಕಾಣಬೇಕು. ಪದ್ಮಿನಿಯೊಳಗ ಗೇರು ಸ್ಟೇರಿಂಗ್ ಕೆಳಗ ಇರ್ತದ, ಅದನ್ನ ಹಾಕೂವಾಗ ಮೊಣಕಾಲಿಗೆ ತಾಗಬಾರದು. ಹಿಂಗ ನೋಡಿ ನೋಡಿ ಎರಡು ಇಂಚು ಎತ್ತರ ಮಾಡಿದ್ರು, ಹಳಿನ್ನ ಮುಂದ ತಂದ್ರು. ಮನಿ ಕೂಡಿಸಿಕೊಂಡು ರವಿಕಿ ಅಳತಿ ತಗೊಂಡಂಗ ಸೀಟಿನ ಅಳತಿ ತಗೊಂಡದ್ದು ನಾ ಅವತ್ತ ಮೊದಲ ಸಲ ನೋಡಿದೆ.

ತಂಗಿ ಮಾತು? ಅದಕ್ಕೂ ಆ ಹಿರಿಯರೇ ಉತ್ತರ ಕೊಟ್ರು. ‘ಎಲುಬು ಅದೇ ಅದ ಅವ್ವಾ, ಮಾಂಸ ಅಷ್ಟ ಹೊಸಾದು’ ಅಂದ್ರು. ನಾವು ಕೌದಿ ಹೊಲ್ಯಾವ್ರು, ಈ ಮಾತು ನಮಗ ಹೊಸಾದಲ್ಲ. ಸತ್ತ ಅಜ್ಜಿ ಸೀರಿ ಒಳಗ ಪದರ ಆಗಿ ಕುಂಡ್ರತದ, ಮ್ಯಾಲ ಹೊಸ ತುಂಡು ಬರ್ತದ, ಕೌದಿ ಮೊಮ್ಮಗನ್ನ ಬೆಚ್ಚಗ ಇಡತದ. ತಂಗಿ ಹಳೇ ನಾರು ಅಂಗಡ್ಯಾಗ ಬಿಡಲಿಲ್ಲ. ಚೀಲದಾಗ ತುಂಬಿಕೊಂಡು ಹೋಗಿ ಹಿತ್ತಲದ ದಾಸವಾಳ ಗಿಡದ ಬುಡಕ್ಕ ಹಾಕಿದ್ಲು, ನೀರು ಹಿಡೀತದ ಅಂತ.

ನಿಮ್ಮ ಮನ್ಯಾಗೂ ಹಳೇ ಗಾಡಿ ಇದ್ರ ನಾಕು ಮಾತು ನೆನಪಿಡ್ರಿ. ಸೀಟು ಬಿಚ್ಚಿದಾಗ ಕೆಳಗಿನ ನೆಲದ ತಗಡು ನೋಡ್ರಿ. ಸೀಟು ಎಷ್ಟ ಗಟ್ಟಿ ಇದ್ರೂ ಬೋಲ್ಟು ಹಿಡಿಯೂ ತಗಡಿಗೆ ತುಕ್ಕು ತಿಂದಿದ್ರ ಏನೂ ಉಪಯೋಗ ಇಲ್ಲ. ಬೋಲ್ಟು ನಾಕಕ್ಕ ನಾಕೂ ಇರಬೇಕು, ಮೂರರ ಮ್ಯಾಲ ನಡಸಬಾರದು. ಬೆಲ್ಟಿನ ತುದಿ ಗಾಡಿ ಮೈಗೆ ಬಿಗದಿರಬೇಕು. ಹೆಗಲು, ಎದಿ, ತೊಡಿ ಹಿಡಿಯೂ ಈ ಬೆಲ್ಟು ಸ್ವೀಡನ್ನಿನ ನಿಲ್ಸ್ ಬೋಲಿನ್ 1959ರೊಳಗ ವೋಲ್ವೊ ಗಾಡಿಗೆ ಮಾಡಿದ್ದು, ಕಂಪನಿಯವರು ಅದನ್ನ ಯಾರು ಬೇಕಾದ್ರೂ ಬಳಸಿಕೊಳ್ಳಿ ಅಂತ ಬಿಟ್ಟುಕೊಟ್ರು. ನೋಂದಣಿ ಪುಸ್ತಕದಾಗ ಎಷ್ಟು ಸೀಟು ಅಂತ ಬರದಿರ್ತದ, ಆ ಲೆಕ್ಕ ಕೆಡಿಸಬ್ಯಾಡ್ರಿ. ಇನ್ನ ಹೊಸ ಗಾಡಿಯವರಿಗೆ ಬ್ಯಾರೆ ಮಾತು. ಕೆಲವು ಗಾಡಿಗಳೊಳಗ ಸೀಟಿನ ಪಕ್ಕದಾಗನ ಏರ್‌ಬ್ಯಾಗ್ ಇರ್ತದ. ಅಲ್ಲಿ ದಪ್ಪ ಕವರ್ ಹೊಲಸಿದ್ರ ಅದು ಹೊರಗ ಬರಾಕ ದಾರಿ ಇರೂದಿಲ್ಲ. ಅಂಥಾ ಸೀಟಿಗೆ ಕೈ ಹಚ್ಚೂದು ಕಂಪನಿಯವರಿಗೇ ಬಿಡ್ರಿ.

ಮತ್ತ ಎಲ್ಲಾದಕ್ಕಿಂತ ಮೊದಲ, ದಿನಾ ಯಾರು ನಡಸ್ತಾರ ಅವರನ್ನ ಅಂಗಡಿಗೆ ಕರಕೊಂಡು ಹೋಗ್ರಿ. ಗಂಡಸರು ಬಣ್ಣ ಆರಿಸಿ, ರೊಕ್ಕ ಕೊಟ್ಟು, ಸೀಟು ತಂದು ‘ಕುಂಡ್ರು’ ಅನ್ನೂದು ಬಹಳ ಮನ್ಯಾಗ ನೋಡೀನಿ. ಸೊಸಿ ಈಗ ತಿಕೋಟಾದಿಂದ ವಿಜಯಪುರಕ್ಕ, ಅಲ್ಲಿಂದ ನನ್ನ ಕರಕೊಂಡು ಬಬಲೇಶ್ವರಕ್ಕ ದಿಂಬಿಲ್ಲದ ಬರ್ತಾಳ. ಪುಣೆ ಹುಡುಗ ತರಿಸಿದ ಆ ರೇಸಿನ ಸೀಟು ಪಡಸಾಲ್ಯಾಗ ಅದ, ಅದರಾಗ ಬೆಕ್ಕು ಮಲಗತದ. ಅದಕ್ಕ ಮಾತ್ರ ಅಳತಿ ಬರೋಬ್ಬರಿ ಆಗ್ಯಾದ.